ಗಾಳಿಯಂತ್ರದ ಕೆಲಸವೂ ಗುತ್ತಿಗೆದಾರನ ಪಗಾರವೂ

(ಬಸವನ ಬಾಗೇವಾಡಿ ಕಡೆಯ ಓದುಗರೊಬ್ಬರ ಪತ್ರದ ಸಾರ: ಐಟಿಐ ಮುಗಿಸಿದ ಅವರ ಮಗ ಗಾಳಿಯಂತ್ರಗಳ ನಿರ್ವಹಣೆಯ ಕೆಲಸದಲ್ಲಿದ್ದಾನೆ. ಪಗಾರ ಕೊಡುವವನು ಗುತ್ತಿಗೆದಾರ. ನೇಮಕಾತಿ ಪತ್ರವಿಲ್ಲ; ಭವಿಷ್ಯನಿಧಿಗೆಂದು ಹಣ ಮುರಿಯುತ್ತಾರೆ, ಜಮೆಯಾದದ್ದು ಮಾತ್ರ ತಿಳಿಯದು. “ನೀವು ಹೊಗಳಿ ಬರೆಯುವ ಹಸಿರು ಉದ್ಯೋಗ ಇದೇನಾ? ಇದಕ್ಕಿಂತ ಕೂಡಗಿಯ ಕಲ್ಲಿದ್ದಲು ಸ್ಥಾವರದಲ್ಲೇ ಕೆಲಸ ಹುಡುಕಿದ್ದರೆ ಆಗುತ್ತಿತ್ತಲ್ಲವೇ?” ಎಂದು ಅವರು ಕೇಳಿದ್ದಾರೆ.)

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಗಾಳಿಯಿಂದ ವಿದ್ಯುತ್ತು ಬಂದರೆ ಹೊಗೆ ತಪ್ಪುತ್ತದೆ, ನಿಜ. ಆದರೆ ಆ ಪುಣ್ಯ ಕಂಬ ಹತ್ತುವವನ ಪಗಾರಕ್ಕೆ ತಾನಾಗಿ ಇಳಿದು ಬರುವುದಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2008ರಲ್ಲಿ ಇತರ ಸಂಘಟನೆಗಳೊಡನೆ ಹೊರತಂದ ಹಸಿರು ಉದ್ಯೋಗಗಳ ವರದಿಯೇ, ಇಂಥ ಕೆಲಸಗಳು ಘನತೆಯ ಕೆಲಸಗಳೂ ಆಗಿರಬೇಕೆಂದು ಹೇಳಿತ್ತು. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಪೀಠಿಕೆಯಲ್ಲೂ ಆ ಮಾತಿದೆ. ಪೀಠಿಕೆಗಳಿಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ.

ಕೂಡಗಿಯ ಮಾತಿಗೆ ಬಂದರೆ, 2,400 ಮೆಗಾವ್ಯಾಟಿನ ಸ್ಥಾವರದ ಕಾಯಂ ನೌಕರನನ್ನು ಗಾಳಿಯಂತ್ರದ ಗುತ್ತಿಗೆ ಕಾರ್ಮಿಕನ ಪಕ್ಕದಲ್ಲಿ ನಿಲ್ಲಿಸಿ ನೋಡುವಾಗ ನಾವು ಅಳೆಯುತ್ತಿರುವುದು ನೇಮಕಾತಿಯ ಬಗೆಯನ್ನು. ಕಲ್ಲಿದ್ದಲಿಗೂ ಗಾಳಿಗೂ ಅದರಲ್ಲಿ ಪಾತ್ರ ಕಡಿಮೆ.

ನಮ್ಮ ಸಕ್ಕರೆ ಸೀಮೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಸುಟ್ಟು ವಿದ್ಯುತ್ತು ಮಾಡುತ್ತವೆ, ಎಥೆನಾಲ್ ತೆಗೆಯುತ್ತವೆ, ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಕಬ್ಬಿನ ದರವನ್ನೂ ಎಥೆನಾಲಿನ ದರವನ್ನೂ ಕೇಂದ್ರ ಸರಕಾರ ನಿಗದಿ ಮಾಡುತ್ತದೆ. ಆದರೆ ಹಂಗಾಮಿಗೆ ಮುಂಚೆ ಮುಂಗಡ ಹಿಡಿದು, ತಾಂಡಾ ಬಿಟ್ಟು ಗ್ಯಾಂಗಿನೊಡನೆ ಕಬ್ಬು ಕಡಿಯಲು ಹೊರಡುವ ಗಂಡ-ಹೆಂಡಿರ ಕೂಲಿ ಬಹುಮಟ್ಟಿಗೆ ಆಳುಗಳನ್ನು ಒದಗಿಸುವ ಮುಕಾದಮನ ಲೆಕ್ಕದ ಪುಸ್ತಕದಲ್ಲಿಯೇ ತೀರ್ಮಾನವಾಗುತ್ತದೆ. ಇಬ್ಬರೂ ದುಡಿದರೂ ಒಂದು ಜೋಡಿಯೆಂದೇ ಲೆಕ್ಕ. ಹಂಗಾಮು ಮುಗಿದಾಗ ಮುಂಗಡ ತೀರದಿದ್ದರೆ ಉಳಿದದ್ದು ಮುಂದಿನ ವರ್ಷದ ಸಾಲ. ಸಾಲಕ್ಕೆ ದುಡಿಮೆಯನ್ನು ಕಟ್ಟಿಹಾಕುವುದನ್ನು 1976ರ ಜೀತವಿಮುಕ್ತಿ ಕಾಯ್ದೆ ನಿಷೇಧಿಸಿದೆ. ಪ್ಲಾಸ್ಟಿಕ್ ಹಾಳೆಯ ಜೋಪಡಿಯಲ್ಲಿ ಮಲಗುವ ಈ ಕುಟುಂಬಗಳ ಶ್ರಮದ ಮೇಲೆಯೇ ಕಬ್ಬಿನ ಎಥೆನಾಲ್ ಬಹುಮಟ್ಟಿಗೆ ನಿಂತಿದೆ. ಸಾರ್ವಜನಿಕ ಹಣದ ನೆರವು ಪಡೆಯುವ ಪ್ರತಿಯೊಂದು ‘ಹಸಿರು’ ಘಟಕಕ್ಕೂ ಕೂಲಿ, ವಸತಿ, ಮಕ್ಕಳ ಶಾಲೆಯ ಷರತ್ತನ್ನು ಕಡ್ಡಾಯವಾಗಿ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇತ್ತ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಎರಕದ ಕೆಲಸವನ್ನು ಯಾರೂ ಹಸಿರೆನ್ನುವುದಿಲ್ಲ. ಗಾಳಿಯಂತ್ರದ ರೆಕ್ಕೆಗಳನ್ನು ಹಿಡಿದಿಡುವ ನಡುಭಾಗ ಎರಕದ ಕಬ್ಬಿಣದ್ದೇ ಆದರೂ, ಎರಕದ ಮರಳಿನ ಸಿಲಿಕಾ ಧೂಳು ಕಾರ್ಮಿಕನ ಶ್ವಾಸಕೋಶ ತಿನ್ನುವ ಸಂಗತಿ ಹಸಿರಿನ ಲೆಕ್ಕಕ್ಕೆ ಬರುವುದೇ ಇಲ್ಲ.

ಈಗ ನಿಮ್ಮ ಮಗನ ವಿಷಯ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಹೆಚ್ಚುವರಿ ಅವಧಿಯ ದುಡಿಮೆಗೆ ಇಮ್ಮಡಿ ದರ ಸಲ್ಲಬೇಕು. ಮೊದಲು ಆ ಪತ್ರವನ್ನು ಬರವಣಿಗೆಯಲ್ಲಿ ಕೇಳಲಿ. ಮೊಬೈಲಿನಲ್ಲಿ ಕೇಂದ್ರ ಸರಕಾರದ ‘ಉಮಂಗ್’ ಆ್ಯಪ್‌ನಲ್ಲಿ ಭವಿಷ್ಯನಿಧಿಯ ಪಾಸ್‌ಬುಕ್ ತೆರೆದು, ಮುರಿದ ಹಣ ತಿಂಗಳು ತಿಂಗಳಿಗೆ ಜಮೆಯಾಗಿದೆಯೇ ನೋಡಲಿ. ಗುತ್ತಿಗೆದಾರ ಕಟ್ಟದಿದ್ದರೆ ಅವನಿಗೆ ಗುತ್ತಿಗೆ ಕೊಟ್ಟ ಮೂಲ ಕಂಪನಿಯೇ ಹೊಣೆ; ಪಗಾರ ಚೀಟಿ, ಹಾಜರಿ ದಾಖಲೆಗಳೊಡನೆ ಭವಿಷ್ಯನಿಧಿ ಕಚೇರಿಗೆ ದೂರು ಕೊಡಬಹುದು.

ಇದೆಲ್ಲಕ್ಕಿಂತ ತುರ್ತಿನ ಸಂಗತಿ ಇನ್ನೊಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಗಾಳಿಯಲ್ಲಿಯೇ ಈ ಯಂತ್ರಗಳ ಗಳಿಕೆ ಹೆಚ್ಚು. ಕೆಟ್ಟ ಯಂತ್ರವನ್ನು ಬೇಗ ಸರಿಪಡಿಸಬೇಕೆಂಬ ಒತ್ತಡವೂ ಆಗಲೇ ಬರುತ್ತದೆ. ಸುರಕ್ಷಾ ಬೆಲ್ಟನ್ನು ಕೊನೆಯ ಬಾರಿ ಪರೀಕ್ಷಿಸಿದವರು ಯಾರು, ಎತ್ತರದಿಂದ ಗಾಯಾಳುವನ್ನು ಇಳಿಸುವ ತರಬೇತಿ ಆಗಿದೆಯೇ, ಗುಡುಗು-ಮಿಂಚಿನ ಹೊತ್ತಿನಲ್ಲಿ ಹತ್ತುವುದಿಲ್ಲವೆಂದರೆ ಅಂದಿನ ಹಾಜರಿ ಹೋಗುತ್ತದೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಹಾಜರಿ ಹೋಗುತ್ತದೆಂದಾದರೆ, ನೇಮಕಾತಿ ಪತ್ರಕ್ಕಾಗಿ ಕಾಯದೆ ಅದನ್ನೇ ಮೊದಲ ದೂರಾಗಿ ಕಾರ್ಮಿಕ ಇಲಾಖೆಗೆ ಬರೆಯಿರಿ.

— ಸಂಪಾದಕ