ಪಶುವೈದ್ಯೆಗೆ ನಿಮ್ಮ ಪ್ರಶ್ನೆ: ಗುಡ್ಡದ ಮೇಲೆ ಕುದುರೆಯ ಮೊದಲ ರಾತ್ರಿ

ಪ್ರಶ್ನೆ: ಡಾಕ್ಟರೇ, ನಾವು ಹಾಸನದ ಕಡೆಯವರು, ಈಗ ನಾರ್ತ್ ಕ್ಯಾರೊಲಿನಾದ ಶಾರ್ಲಟ್‌ನಲ್ಲಿದ್ದೇವೆ. ಮಗಳಿಗೆ ಹದಿನಾರು. ಅವಳ ಹೆಣ್ಣು ಕುದುರೆಯನ್ನು ಊರಾಚೆಯ ಲಾಯದಲ್ಲಿ ಇರಿಸಿದ್ದೇವೆ. ಸೆಪ್ಟೆಂಬರ್‌ನಲ್ಲಿ ಅದನ್ನು ವರ್ಜೀನಿಯಾದ ಗ್ರೇಸನ್ ಹೈಲ್ಯಾಂಡ್ಸ್ ಸ್ಟೇಟ್ ಪಾರ್ಕಿಗೆ ಕರೆದೊಯ್ದು ಮೂರು ರಾತ್ರಿ ಡೇರೆ ಹಾಕಿಕೊಂಡು ಇರಬೇಕೆಂದು ಹಟ ಹಿಡಿದಿದ್ದಾಳೆ. ಕುದುರೆ ಇದುವರೆಗೆ ಹೊರಗೆ ರಾತ್ರಿ ಕಳೆದಿಲ್ಲ. ಒಪ್ಪಿಕೊಳ್ಳಬಹುದೇ? ನನಗೆ ಕುದುರೆಯ ವಿಷಯ ಏನೂ ತಿಳಿಯದು, ಹೆದರಿಕೆಯಂತೂ ಇದೆ.

ಉತ್ತರ: ಒಪ್ಪಿಕೊಳ್ಳಿ ತಾಯಿ, ಆದರೆ ನೀವೂ ಜೊತೆಗೆ ಹೋಗಿ. ಹೆಬ್ಬಾಳದ ಕಾಲೇಜಿನಲ್ಲಿ ಓದಿದ ನಾನು ಈಗ ಇದೇ ಗುಡ್ಡಗಾಡಿನಲ್ಲಿ ದನ, ಕುದುರೆಗಳಿಗೆ ಚಿಕಿತ್ಸೆ ಮಾಡುತ್ತೇನೆ. ಬಿಡಾರಗಳಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಸವಾರಿಯಲ್ಲಿ ಬಿದ್ದು ಪೆಟ್ಟಾದದ್ದಕ್ಕಲ್ಲ, ಮೊದಲ ರಾತ್ರಿ ನೀರು ಮುಟ್ಟದೆ ಹೊಟ್ಟೆನೋವಿಗೆ ಬಿದ್ದ ಕುದುರೆಗಾಗಿ. ಮಗಳು ಹಾದಿಯ ನಕ್ಷೆಯನ್ನು ಬಾಯಿಪಾಠ ಮಾಡಿರುತ್ತಾಳೆ. ರಾತ್ರಿಯ ಸಿದ್ಧತೆಯನ್ನು ನೀವು ನೋಡಿಕೊಳ್ಳಿ.

ಸುಮಾರು 450 ಕಿಲೋ ತೂಗುವ ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು. ಊರು ಬದಲಾದರೆ ನೀರಿನ ವಾಸನೆ, ರುಚಿ ಬದಲಾಗುತ್ತದೆ. ಎಷ್ಟೋ ಕುದುರೆಗಳು ಬಕೆಟ್ಟಿಗೆ ಮೂತಿ ತಾಗಿಸಿ ಸುಮ್ಮನೆ ತಲೆ ಎತ್ತಿಬಿಡುತ್ತವೆ. ಅದಕ್ಕಾಗಿ ಹೊರಡುವ ಎರಡು ವಾರ ಮೊದಲೇ ಮನೆಯ ನೀರಿಗೆ ಒಂದಿಷ್ಟು ಸೇಬಿನ ರಸ ಬೆರೆಸಿ ಅಭ್ಯಾಸ ಮಾಡಿಸಿ. ಅಲ್ಲಿಯೂ ಅಷ್ಟೇ ರಸ ಬೆರೆಸಿದರೆ ಹೊಸ ನೀರು ಹಳೆಯದರಂತೆಯೇ ರುಚಿಸುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ಸಾದಾ ನೀರೂ ಇರಲಿ. ಬಕೆಟ್ಟಿನ ಒಳಗೋಡೆಯ ಮೇಲೆ ಐದೈದು ಲೀಟರಿಗೆ ಒಂದು ಗೆರೆ ಎಳೆಯಿರಿ. ಮಲಗುವ ಮುನ್ನ ಟಾರ್ಚ್ ಹಾಕಿ ನೀರು ಯಾವ ಗೆರೆಯಲ್ಲಿದೆ ಎಂದು ಬರೆದಿಟ್ಟುಕೊಂಡು, ಬೆಳಿಗ್ಗೆ ಎದ್ದು ಹೋಲಿಸಿ ನೋಡಿ. ಕುಡಿದಂತೆ ಕಾಣುವುದಕ್ಕೂ ನಿಜವಾಗಿ ಕುಡಿದದ್ದಕ್ಕೂ ಇರುವ ಅಂತರ ಆ ಗೆರೆಗಳಲ್ಲಿ ತಿಳಿಯುತ್ತದೆ.

ಹುಲ್ಲನ್ನು ಮನೆಯಿಂದಲೇ ಒಯ್ಯಿರಿ, ದಿನಕ್ಕೆ 7ರಿಂದ 9 ಕಿಲೋ ಲೆಕ್ಕ. ಒಮ್ಮೆಗೇ ಬೇರೆ ಹುಲ್ಲು ಹಾಕಿದರೆ ಕರುಳು ತಾಳುವುದಿಲ್ಲ. ಮೊದಲ ಸಂಜೆ ಅದನ್ನು ನೀರಿನಲ್ಲಿ ನೆನೆಸಿಯೇ ಕೊಡಿ, ಹುಲ್ಲಿನ ಜೊತೆಗೆ ಒಂದಷ್ಟು ನೀರೂ ಹೊಟ್ಟೆ ಸೇರುತ್ತದೆ. ಪ್ರಯಾಣದ ದಿನ ಧಾನ್ಯ ಕಡಿಮೆ ಮಾಡಿ.

ಹೊಟ್ಟೆನೋವು ಬಂದರೆ ತಿಳಿಯುವುದು ಹೇಗೆ? ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತದೆ, ತಿರುತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತದೆ, ಮಲಗಿ ಹೊರಳುತ್ತದೆ, ಲದ್ದಿ ನಿಲ್ಲುತ್ತದೆ. ಮಗಳು ಒಂದು ಸ್ಟೆತಸ್ಕೋಪ್ ಕೊಳ್ಳಲಿ. ಎಡ ಮೊಣಕೈಯ ಹಿಂದೆ ಅದನ್ನಿಟ್ಟು ಎದೆಬಡಿತ ಎಣಿಸುವುದನ್ನು ಮನೆಯಲ್ಲೇ, ಕುದುರೆ ನೆಮ್ಮದಿಯಿಂದಿರುವಾಗ ಕಲಿಯಲಿ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಸಹಜ. ಸುಮ್ಮನೆ ನಿಂತ ಕುದುರೆಯಲ್ಲಿ 60 ದಾಟಿದರೆ ಬೆಳಗಾಗಲೆಂದು ಕಾಯಬೇಡಿ. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ, ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ನಸುಗೆಂಪು ಮರಳಬೇಕು. ಬಾಯಿಗೆ ಎಣ್ಣೆ, ಕಷಾಯ ಯಾವುದನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಬ್ಲ್ಯಾಕ್ಸ್‌ಬರ್ಗ್‌ನ ಪಶುವೈದ್ಯಕೀಯ ಕಾಲೇಜಿನಲ್ಲಿ ದೊಡ್ಡ ಪ್ರಾಣಿಗಳ ಆಸ್ಪತ್ರೆ ಇದೆ, ಆದರೆ ಟ್ರೇಲರ್ ಎಳೆದುಕೊಂಡು ಎರಡು ಗಂಟೆಗೂ ಮಿಕ್ಕಿದ ದಾರಿ. ಹತ್ತಿರದ ವೈದ್ಯರ ನಂಬರನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಗುಡ್ಡದಲ್ಲಿ ಮೊಬೈಲ್ ಸಿಗ್ನಲ್ ನಂಬಿ ಕೂರುವಂತಿಲ್ಲ.

ಗ್ರೇಸನ್ ಹೈಲ್ಯಾಂಡ್ಸ್ ಮೊದಲ ಸಲಕ್ಕೆ ಒಳ್ಳೆಯ ಆಯ್ಕೆ. ಅಲ್ಲಿನ ಕುದುರೆ ಬಿಡಾರದಲ್ಲಿ ಲಾಯಗಳಿವೆ, ಆದ್ದರಿಂದ ಮರದಿಂದ ಮರಕ್ಕೆ ಹಗ್ಗ ಬಿಗಿದು ಕಟ್ಟುವ ಕಷ್ಟವಿಲ್ಲ. ಡೇರೆಯ ಜಾಗದೊಂದಿಗೆ ಲಾಯವನ್ನೂ ಮೊದಲೇ ಕಾಯ್ದಿರಿಸಿ. ಬರಿಯ ಮರಕ್ಕೆ ಮಾತ್ರ ಎಂದೂ ಕಟ್ಟಬೇಡಿ: ಕುದುರೆ ತೊಗಟೆ ಕಚ್ಚಿ ಸುಲಿಯುತ್ತದೆ, ಬೇರಿನ ಸುತ್ತ ತುಳಿದು ಮರವನ್ನೇ ಸಾಯಿಸುತ್ತದೆ.

ಆ ಗುಡ್ಡಗಳಲ್ಲಿ ರೋಡೋಡೆಂಡ್ರಾನ್ ಪೊದೆಗಳು ದಟ್ಟವಾಗಿವೆ. ಜೂನ್‌ನಲ್ಲಿ ಹೂಬಿಟ್ಟಾಗ ನೋಡಲು ಎರಡು ಕಣ್ಣು ಸಾಲದು, ಆದರೆ ಅದರ ಎಲೆ ಕುದುರೆಗೆ ವಿಷ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕೆಂಪು ಮೇಪಲ್. ಗಾಳಿಗೆ ಮುರಿದು ಬಿದ್ದ ಕೊಂಬೆಯ ಬಾಡಿದ ಎಲೆಗಳು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದಾಗ ತುಂಬ ತಡವಾಗಿರುತ್ತದೆ. ಸೆಪ್ಟೆಂಬರ್ ಅದಕ್ಕೆ ಅಪಾಯದ ಕಾಲ. ಕಾಡುಚೆರ್ರಿಯ ಬಾಡಿದ ಎಲೆಯಲ್ಲಿ ಸಯನೈಡ್ ಇರುತ್ತದೆ. ದಾರಿಯಲ್ಲಿ ನಿಂತಾಗ ಎಲೆಗೆ ಬಾಯಿ ಹಾಕಲು ಬಿಡಬಾರದೆಂದು ಮಗಳಿಗೆ ಕಟ್ಟುನಿಟ್ಟಾಗಿ ಹೇಳಿ.

ಪ್ರಶ್ನೆ: ಪಾರ್ಕಿನವರು ಕುದುರೆಯ ಕಾಗಿನ್ಸ್ ಪರೀಕ್ಷೆಯ ಪತ್ರ ಕೇಳುತ್ತಾರಂತೆ. ಆರೋಗ್ಯವಾಗಿರುವ ಕುದುರೆಗೂ ಅದು ಬೇಕೇ?

ಉತ್ತರ: ಬೇಕೇ ಬೇಕು. ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆಯನ್ನು ಪತ್ತೆಹಚ್ಚುವ ಪರೀಕ್ಷೆ ಅದು. ಇದು ವೈರಸ್‌ನಿಂದ ಬರುವ ರೋಗ. ದೊಡ್ಡ ಕಚ್ಚುನೊಣಗಳು ಒಂದರ ರಕ್ತವನ್ನು ಇನ್ನೊಂದಕ್ಕೆ ದಾಟಿಸುತ್ತವೆ. ಇದಕ್ಕೆ ಮದ್ದಿಲ್ಲ, ಅಮೆರಿಕದಲ್ಲಿ ಲಸಿಕೆಯೂ ಇಲ್ಲ. ಸೋಂಕು ತಗುಲಿದ ಕುದುರೆ ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿದ್ದೇ ಬದುಕಿನುದ್ದಕ್ಕೂ ವೈರಸ್ ಹೊತ್ತಿರಬಹುದು. ಅಂಥದ್ದು ಪತ್ತೆಯಾದರೆ ದಯಾಮರಣ, ಇಲ್ಲವೇ ಬೇರೆ ಕುದುರೆಗಳಿಂದ ಸುಮಾರು 180 ಮೀಟರ್ ದೂರದಲ್ಲಿ ಜೀವಮಾನವಿಡೀ ಒಂಟಿವಾಸ. 1970ರ ದಶಕದ ಆರಂಭದಲ್ಲಿ ಲೆರಾಯ್ ಕಾಗಿನ್ಸ್ ಎಂಬ ಪಶುವೈದ್ಯ ವಿಜ್ಞಾನಿ ರೂಪಿಸಿದ ರಕ್ತಪರೀಕ್ಷೆ ಅವರ ಹೆಸರಿನಲ್ಲೇ ಉಳಿದಿದೆ. 12 ತಿಂಗಳೊಳಗಿನ ವರದಿ ಇರಬೇಕು. ರಾಜ್ಯದ ಗಡಿ ದಾಟುವವರು ವೈದ್ಯರಿಂದ ಆರೋಗ್ಯ ಪ್ರಮಾಣಪತ್ರವನ್ನೂ ಪಡೆಯಬೇಕು, ಅದು ಸಾಮಾನ್ಯವಾಗಿ 30 ದಿನ ನಡೆಯುತ್ತದೆ. ರಕ್ತ ಕೊಟ್ಟ ಮರುದಿನವೇ ವರದಿ ಬಾರದು, ಮೂರು ವಾರ ಮುಂಚೆಯೇ ಏರ್ಪಾಡು ಮಾಡಿ. ಸಾಲಾಗಿ ನಿಲ್ಲುವ ಪಕ್ಕದ ಲಾಯದ ಕುದುರೆಗಳಿಗೆ ನಿಮ್ಮ ಈ ಕಾಗದವೇ ರಕ್ಷಣೆ.

ಪ್ರಶ್ನೆ: ಅಲ್ಲಿ ಕಾಡು ಕುದುರೆಮರಿಗಳಿವೆ ಎಂದು ಕೇಳಿದೆ. ಮಕ್ಕಳು ಸೇಬು ತಿನ್ನಿಸಬಹುದೇ? ನಮ್ಮ ಕುದುರೆಯೊಂದಿಗೆ ಅಪಲೇಚಿಯನ್ ಟ್ರೇಲ್‌ನಲ್ಲಿ ಹೋಗಬಹುದೇ?

ಉತ್ತರ: ಎರಡಕ್ಕೂ ಇಲ್ಲ. ಅವು ಮರಿಗಳಲ್ಲ, ಪೋನಿಗಳು, ಗಿಡ್ಡ ತಳಿ. ಬೋಳು ಗುಡ್ಡಗಳಲ್ಲಿ ಪೊದೆ ಬೆಳೆದು ಹುಲ್ಲುಗಾವಲು ಮುಚ್ಚಿಹೋಗದಿರಲಿ ಎಂದು 1970ರ ದಶಕದಲ್ಲಿ ಅಮೆರಿಕದ ಅರಣ್ಯ ಇಲಾಖೆ ಅವನ್ನು ತಂದು ಬಿಟ್ಟಿತು. ಈಗ ಸುಮಾರು ನೂರು ಇವೆ. ಪ್ರತಿ ಶರತ್ಕಾಲದಲ್ಲಿ ಅವನ್ನು ಒಟ್ಟುಗೂಡಿಸಿ ಆರೋಗ್ಯ ತಪಾಸಣೆ ಮಾಡಿ, ಹೆಚ್ಚಾದ ಮರಿಗಳನ್ನು ಹರಾಜು ಹಾಕುತ್ತಾರೆ. ಕೈತುತ್ತಿನ ರುಚಿ ಹತ್ತಿದ ಪೋನಿ ಚೀಲಕ್ಕೆ ಬಾಯಿ ಹಾಕುತ್ತದೆ, ಕಚ್ಚುತ್ತದೆ, ಒದೆಯುತ್ತದೆ. ನಿಮ್ಮದು ಹೆಣ್ಣು ಕುದುರೆಯಾದರೆ ಗಂಡು ಪೋನಿ ಹಿಂಡು ಬಿಟ್ಟು ಬಂದೀತು, ದೂರದಲ್ಲೇ ಕಂಡಾಗ ಹಾದಿ ಬಳಸಿ.

ಅಪಲೇಚಿಯನ್ ಟ್ರೇಲ್ ಅಲ್ಲಿ ಕಾಲ್ನಡಿಗೆಯವರಿಗೆ ಮೀಸಲು. ಕುದುರೆಗಳಿಗಾಗಿ ವರ್ಜೀನಿಯಾ ಹೈಲ್ಯಾಂಡ್ಸ್ ಹಾರ್ಸ್ ಟ್ರೇಲ್ ಇದೆ. ಅದರಲ್ಲಿ ಸ್ಕೇಲ್ಸ್ ಎಂಬ ತಾಣದವರೆಗೆ ಹೋಗಿ ಬನ್ನಿ. ಹಿಂದೆ ದನಗಾಹಿಗಳು ಗುಡ್ಡದ ಮೇಲೆ ಮೇದು ಕೊಬ್ಬಿದ ದನಗಳನ್ನು ಅಲ್ಲೇ ತೂಗಿ ಮಾರುತ್ತಿದ್ದರು, ಕೆಳಗಿನ ಪೇಟೆಗೆ ಇಳಿಸುವಷ್ಟರಲ್ಲಿ ತೂಕ ಕರಗಿಹೋಗುತ್ತದೆಂದು. ಬೆಳಿಗ್ಗೆ ಬೇಗ ಹೊರಡಿ. ಮಧ್ಯಾಹ್ನದ ಮೇಲೆ ಮಂಜು ಕವಿದರೆ ಮುಂದಿನ ಗುರುತಿನ ಕಂಬವೂ ಕಾಣುವುದಿಲ್ಲ, ಬಟ್ಟಬಯಲಿನಲ್ಲಿ ಗುಡುಗು ಸಿಡಿಲಿಗೆ ಮರೆಯೂ ಇಲ್ಲ.