ಕಾನೂನಿಗೆ ಸಿಗದ ಉರುಳು ಎಂಬುದಿಲ್ಲ

ಸಕಲೇಶಪುರದ ಕಡೆಯ ನಿಮ್ಮ ಗದ್ದೆಗೆ ಬೀಳುವ ಕಾಡುಹಂದಿಯನ್ನು ಕೋವಿ ಎತ್ತದೆ, ಕಾನೂನು ಮುರಿಯದೆ ಹೊಡೆಯುವ ಜಾಣ ಉಪಾಯ ಕೇಳಿದ್ದೀರಿ. ಹದಿನಾಲ್ಕು ವರ್ಷಗಳ ಹಿಂದೆ ಮೂಡಿಗೆರೆ ತಾಲ್ಲೂಕಿನ ನಮ್ಮ ಗದ್ದೆಯ ಬದುವಿನ ಮೇಲೆ ನಿಂತು ನಾನೂ ಅದನ್ನೇ ಯೋಚಿಸಿದ್ದೆ. ಭತ್ತ ಹಾಲುದುಂಬಿತ್ತು, ಒಂದೇ ರಾತ್ರಿಯಲ್ಲಿ ಕಾಲು ಎಕರೆ ಮಲಗಿಹೋಗಿತ್ತು. ಜಾಡು ಹಿಡಿದು ಹೋದಾಗ ತೋಟದ ಬೇಲಿಯಲ್ಲಿ ಒಂದು ಕಂಡಿ ಸಿಕ್ಕಿತು. ತಂತಿಗೆ ಕೆಸರೂ ಕಪ್ಪು ರೋಮವೂ ಅಂಟಿದ್ದವು. ಹಳೆಯ ಬೈಕಿನ ಕ್ಲಚ್ ವೈರಿನಿಂದ ಉರುಳು ಮಾಡಿ, ಸಿಲ್ವರ್ ಓಕ್ ಮರದ ಬುಡಕ್ಕೆ ಬಿಗಿದೆ.

ನನ್ನ ತಪ್ಪನ್ನು ಬಿಡಿಸಿ ಹೇಳಲೇಬೇಕು. ಬೇಟೆ ಎಂದರೆ ಈಡು ಹೊಡೆಯುವುದು ಎಂದಷ್ಟೇ ನಾನು ತಿಳಿದಿದ್ದೆ. ಜಾಗ ನನ್ನದು, ಸಿಕ್ಕುವುದು ಹಂದಿ, ಬೇರೇನಾದರೂ ಬಿದ್ದರೆ ಬೆಳಿಗ್ಗೆ ಬಿಡಿಸಿದರಾಯಿತು ಎಂಬ ಲೆಕ್ಕಾಚಾರ ನನ್ನದಾಗಿತ್ತು. ಆದರೆ ಹಂದಿ ನುಗ್ಗಿ ಮಾಡಿದ ಕಂಡಿಯಲ್ಲಿ ಮುಳ್ಳುಹಂದಿಯೂ ಕಾಡುಕುರಿಯೂ ಚಿರತೆಯೂ ಓಡಾಡುತ್ತವೆ, ಉರುಳಿಗೆ ಆರಿಸಿ ಹಿಡಿಯಲು ಬರುವುದಿಲ್ಲ. ಬಿದ್ದದ್ದು ಹೆಣ್ಣು ಚಿರತೆ. ತಲೆ ಮತ್ತು ಮುಂಗಾಲುಗಳು ಸಲೀಸಾಗಿ ದಾಟಿ, ವೈರು ಸೊಂಟಕ್ಕೆ ಬಿಗಿದಿತ್ತು; ಎಳೆದಷ್ಟೂ ಒಳಗಿಳಿದಿತ್ತು. ಮರದ ಸುತ್ತ ಎರಡು ಮಾರು ನೆಲ ಉತ್ತಂತೆ ಕೆದರಿತ್ತು, ತೊಗಟೆ ಎದೆಯೆತ್ತರದವರೆಗೆ ಸೀಳಿತ್ತು. ಅರಣ್ಯ ಇಲಾಖೆಗೆ ನಾನೇ ಕರೆ ಮಾಡಿದೆ. ಅರವಳಿಕೆ ಕೊಡುವ ವೈದ್ಯರು ಬರುವಷ್ಟರಲ್ಲಿ ಅದು ಸತ್ತಿತ್ತು. ಮೊಕದ್ದಮೆ ಐದು ವರ್ಷ ನಡೆಯಿತು. ಆಮೇಲೆ ಮೂರು ಕೊಯ್ಲು ನಾನಿಲ್ಲದೆ ನಡೆದವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವುದು, ಉರುಳೊಡ್ಡುವುದು, ಸೋವುವುದು, ಆಮಿಷವಿಡುವುದು ಎಲ್ಲವೂ ಬೇಟೆಯೇ, ಅವುಗಳ ಪ್ರಯತ್ನವೂ ಬೇಟೆಯೇ. ಖಾಲಿ ಉರುಳೂ ಅಪರಾಧ. ಆದ್ದರಿಂದ ನೀವು ಹುಡುಕುತ್ತಿರುವ ಉಪಾಯವೇ ಇಲ್ಲ. ಬೆಳೆಗೆ ಅಪಾಯ ತರುವ ಹಂದಿಯ ವಿಷಯದಲ್ಲಿ 11ನೆಯ ಕಲಂ ಪ್ರಕಾರ ಅಧಿಕಾರಿಯ ಲಿಖಿತ ಆದೇಶವೊಂದೇ ದಾರಿ. ಚಿರತೆಯಂತಹ ಮೊದಲನೆಯ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ, ಪ್ರಾಣಿಯಾದರೆ ಸಜೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ.

ನಿಮಗೆ ಜಾಡು ಓದಲು ಬರುವುದಾದರೆ ಆ ವಿದ್ಯೆಯನ್ನು ಬೇಲಿಗೆ ಬಳಸಿ. ಹಂದಿಗೆ ಕಣ್ಣು ಮಂದ, ಮೂಗು ಚುರುಕು. ಹೊಸದನ್ನು ಮೂತಿಯಿಂದಲೇ ಮುಟ್ಟಿ ನೋಡುತ್ತದೆ. ಹಾಗಾಗಿ ಸೋಲಾರ್ ಬೇಲಿಯ ಮೊದಲ ಎಳೆ ನೆಲದಿಂದ ಒಂದು ಗೇಣು, ಎರಡನೆಯದು ಒಂದು ಮೊಳ ಎತ್ತರದಲ್ಲಿರಲಿ. ಒದ್ದೆ ಮೂತಿಗೆ ಝಟ್ಕಾ ಬಡಿದರೆ ಹಂದಿ ಹಿಂದಕ್ಕೆ ಜಿಗಿಯುತ್ತದೆ. ಮನೆಯ ಲೈನಿನ ಕರೆಂಟನ್ನು ಮಾತ್ರ ಎಂದಿಗೂ ಬೇಲಿಗೆ ಹರಿಸಬೇಡಿ, ನಿಮ್ಮ ಕಡೆ ಆನೆ ನಡೆಯುತ್ತದೆ, ಜನರೂ ನಡೆಯುತ್ತಾರೆ. ಹಾಳಾದ ಬೆಳೆಯ ಚಿತ್ರ ತೆಗೆದು ಪರಿಹಾರಕ್ಕೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಡಮಾಡದೆ ಅರ್ಜಿ ಕೊಡಿ. ಹುಲ್ಲು ತಂತಿಗೆ ತಾಗಿದರೆ ಝಟ್ಕಾ ನೆಲಕ್ಕೆ ಸೋರಿ ಬೇಲಿ ಸತ್ತಂತಾಗುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಸವರಲೇಬೇಕು. ನಮ್ಮಲ್ಲಿ ಆ ಕೆಲಸ ಆಳುಗಳು ಮಾಡುತ್ತಾರೆ. ಆ ಸಿಲ್ವರ್ ಓಕಿನ ಬುಡವನ್ನು ಮಾತ್ರ ನಾನೇ ಸವರುತ್ತೇನೆ.