ಇಶಾಡ ಹಣ್ಣಾದ ಮೇಲೆ ಹೊರಡೋಣ

ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ಶನಿವಾರ, ಅಂಕೋಲಾ ಕಡೆಯ ಹೆಣ್ಣುಮಗಳೊಬ್ಬರು ಸಲಹೆ ಕೇಳಲು ಕಾರವಾರದ ನನ್ನ ಕೋಣೆಗೆ ಬಂದರು. ಕೂತವರೇ ಕೇಳಿದರು: "ಮೇಡಂ, ನಾನು ಹೋಗಲ್ಲ ಅಂದ್ರೆ ತಪ್ಪಾ?"

ಅವರ ಗಂಡ ನೇವಿಯಲ್ಲಿ ಪೆಟ್ಟಿ ಆಫೀಸರ್. ಒಡಿಶಾದ ನೌಕಾನೆಲೆ ಐಎನ್‌ಎಸ್ ಚಿಲ್ಕಾಗೆ ಪೋಸ್ಟಿಂಗ್ ಬಂದಿತ್ತು. ಹೊಸ ಹುಡುಗರಿಗೆ ತರಬೇತಿ ಕೊಡುವ ಕೆಲಸ. ಏಪ್ರಿಲ್‌ನಲ್ಲಿ ಹಾಜರಾಗಬೇಕು. ಈ ಸಲ ಎಲ್ಲರೂ ಒಟ್ಟಿಗೆ ಇರೋಣ ಎಂದು ಅವರ ಆಸೆ. ಮನೆಯಲ್ಲಿ ಏಳನೇ ತರಗತಿಯ ಮಗಳು, ಐದು ವರ್ಷದ ಮಗ, ಮತ್ತೆ ಅತ್ತೆ. ಮಾವ ತೀರಿಕೊಂಡಿದ್ದಾರೆ. ಈ ಹೆಣ್ಣುಮಗಳು ಊರಿನ ಪತ್ತಿನ ಸಹಕಾರಿ ಸಂಘದಲ್ಲಿ 11 ವರ್ಷದಿಂದ ಕ್ಲರ್ಕ್.

ಆ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಬೇಡ. ಅತ್ತೆ, ಸೊಸೆ, ಮಗ ಅಂತಲೇ ಕರೆಯುತ್ತೇನೆ. ಮಗ ಎಂದರೆ ಅತ್ತೆಯ ಮಗ, ಈ ಪೆಟ್ಟಿ ಆಫೀಸರ್.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಕ್ವಾರ್ಟರ್ಸ್ ಸಿಗುತ್ತದೆ, ಕ್ಯಾಂಟೀನ್ ಇರುತ್ತದೆ, ಆಸ್ಪತ್ರೆ ಹತ್ತಿರ, ಮಕ್ಕಳಿಗೆ ಅಪ್ಪ ದಿನಾ ಸಿಗುತ್ತಾರೆ ಎಂದು ಅನುಕೂಲಗಳನ್ನು ಒಂದೊಂದಾಗಿ ಹೇಳುತ್ತಾ ಹೋದೆ. ಅವರು ತಲೆ ಆಡಿಸುತ್ತಾ ಕೇಳಿದರು. ಕೊನೆಗೆ, "ಇದನ್ನೆಲ್ಲ ಅವರೂ ಹೇಳಿದಾರೆ" ಎಂದರು. ಆಗ ಸುಮ್ಮನಾದೆ. ಹೋಗಬೇಕೋ ಬೇಡವೋ ಎನ್ನುವುದನ್ನು ಎಲ್ಲರೂ ಅವರ ಪರವಾಗಿ ತೀರ್ಮಾನ ಮಾಡಿ ಆಗಿತ್ತು. ನಾನೂ ಆ ಸಾಲಿಗೇ ಸೇರಿಕೊಂಡಿದ್ದೆ.

ಎರಡನೇ ಸಲ ಬಂದಾಗ ಬೇರೆ ಕಡೆಯಿಂದ ಕೇಳಿದೆ. "ಮದುವೆಯಾಗಿ 14 ವರ್ಷ ಆಯ್ತಲ್ವಾ? ಒಟ್ಟಿಗೆ, ಬಿಡದೆ ಎಷ್ಟು ದಿನ ಇದ್ದೀರಿ?" ಬೆರಳಲ್ಲಿ ಲೆಕ್ಕ ಹಾಕಿದರು. ವರ್ಷಕ್ಕೆ 60 ದಿನದ ರಜೆ. ಅದೂ ಒಮ್ಮೆಲೇ ಸಿಕ್ಕಿದ್ದು ಎರಡೇ ಸಲ. ಉಳಿದಂತೆ ಗಂಡ ಮುಂಬೈ, ವಿಶಾಖಪಟ್ಟಣ, ಜಾಸ್ತಿ ಕಾಲ ಹಡಗಿನಲ್ಲೇ. ಮಾವನ ಕಾಯಿಲೆ, ಮಕ್ಕಳ ಶಾಲೆ ಎಂದು ಇವರು ಊರಲ್ಲೇ ಉಳಿದರು. "ಅವರು ರಜೆಗೆ ಬಂದ್ರೆ ನೆಂಟರು ಬಂದ ಹಾಗೆ ಮೇಡಂ. ಒಳ್ಳೆ ಮೀನು ತರ್ತೀವಿ, ಜಗಳ ಆಡಲ್ಲ. ದಿನಾ ಮನೇಲಿದ್ರೆ ಹೇಗೋ, ನಂಗೆ ಗೊತ್ತೇ ಇಲ್ಲ."

ಒಡಿಶಾದ ಭಯ, ಭಾಷೆಯ ಭಯ ಇರಲಿಲ್ಲ ಎಂದಲ್ಲ. ಆದರೆ ದೊಡ್ಡ ಭಯ ಇದೇ ಆಗಿತ್ತು. ಕರೆಂಟ್ ಬಿಲ್ಲಿನಿಂದ ಹಿಡಿದು ಮಾವನ ಆಪರೇಷನ್ ತನಕ ಎಲ್ಲವನ್ನೂ ಒಬ್ಬರೇ ನಿಭಾಯಿಸಿದ್ದಾರೆ. ಈಗ ಸಂಬಳ ಬಿಟ್ಟು, ಊರು ಬಿಟ್ಟು, ಗಂಡ ಬರೆದ ಫಾರ್ಮಿನಲ್ಲಿ "ಅವಲಂಬಿತರು" ಎಂಬ ಕಾಲಮ್ಮಿಗೆ ಹೋಗಬೇಕು. ಆ ಪದ ಹೇಳುವಾಗ ಅವರ ಗಂಟಲು ಕಟ್ಟಿತು.

ಸೇನೆಯ ಮನೆಗಳಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ಇದು. ದೂರ ಇರುವುದು ಕಷ್ಟ ಎಂದು ಎಲ್ಲರಿಗೂ ಗೊತ್ತು. ದೂರ ಇದ್ದು ಅಭ್ಯಾಸವಾದವರು ಹತ್ತಿರ ಬರುವುದೂ ಅಷ್ಟೇ ಕಷ್ಟ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಏಕೆಂದರೆ ಅದು ಸಂತೋಷದ ವಿಷಯ ಎಂದು ಲೆಕ್ಕ.

ಮಾರ್ಚ್‌ನಲ್ಲಿ ಮಗ ನಾಲ್ಕು ದಿನದ ರಜೆ ಹಾಕಿ ಬಂದಿದ್ದರು. ಅವರೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದೆ. ನೆಟ್ಟಗೆ ಕೂತು, ಕೇಳಿದ್ದಕ್ಕಷ್ಟೇ ಉತ್ತರ. ಚಿಲ್ಕಾ ಹೇಗಿದೆ ಎಂದು ಕೇಳಿದಾಗ ಮಾತ್ರ ಸ್ವಲ್ಪ ಸಡಿಲವಾದರು. ನಾವಿಕರಾಗಿ ಸೇರುವ ಹುಡುಗರು ಮೊದಲು ಕಾಲಿಡುವುದೇ ಅಲ್ಲಿಗೆ, ಚಿಲಿಕಾ ಸರೋವರದ ದಡದ ಆ ನೆಲೆಗೆ. ಇವರೂ 18ನೇ ವಯಸ್ಸಿನಲ್ಲಿ ಅಲ್ಲಿಗೇ ಹೋಗಿದ್ದರು. ಬೆಳಕು ಹರಿಯುವ ಮೊದಲೇ ಪಿಟಿ, ಬಿಸಿಲಲ್ಲಿ ಪರೇಡ್, ರಾತ್ರಿ ಮುಸುಕು ಹೊದ್ದು ಅಳು. "ಆಯಿ ಮಾಡಿದ ಗಂಜಿ ನೆನಪಾಗ್ತಿತ್ತು" ಎಂದರು. "ಈಗ ಆ ಹುಡುಗರ ಎದುರು ನಾನು ನಿಲ್ಲಬೇಕು. ಸಂಜೆ ಮನೆಗೆ ಬಂದ್ರೆ ಮನೆಯವರು ಇರಲಿ ಅನ್ಸುತ್ತೆ ಮೇಡಂ. ಇನ್ನು ಎರಡು, ಮೂರು ವರ್ಷ. ಆಮೇಲೆ ಮತ್ತೆ ಹಡಗೇ."

"ಈ ಮಾತನ್ನು ಹೆಂಡತಿಗೆ ಹೇಳಿದ್ದೀರಾ?"

ಹೇಳಿರಲಿಲ್ಲ. ಕ್ವಾರ್ಟರ್ಸ್, ಕ್ಯಾಂಟೀನ್ ಬಗ್ಗೆ ಹೇಳಿದ್ದರು. ಅವತ್ತೇ ಸಂಜೆ ಹೇಳಿ ಎಂದೆ. ಅವರಿಗೆ ನಾನು ಕೊಟ್ಟ ಮೊದಲ ಸಲಹೆ ಅದು.

ಮಗಳ ಬಗ್ಗೆ ಕೇಳಿದೆ. ಅವಳ ಹತ್ತಿರದ ಗೆಳತಿ ಯಾರು? ಯಾವ ಪಾಠ ಕಷ್ಟ? ಗೊತ್ತಿರಲಿಲ್ಲ. ಅವರನ್ನು ತಪ್ಪಿತಸ್ಥರ ಹಾಗೆ ನೋಡುವುದು ನನಗೆ ಬೇಕಿರಲಿಲ್ಲ. ಸಮುದ್ರದ ಮಧ್ಯದಲ್ಲಿ ಸಿಗ್ನಲ್ ಇಲ್ಲದ ಮನುಷ್ಯನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ದಿನಾ ಸಂಜೆ ಹತ್ತು ನಿಮಿಷ ಮಗಳಿಗೆ ಫೋನ್ ಮಾಡಿ, ಮಾರ್ಕಿನ ವಿಷಯ ಮಾತ್ರ ತೆಗೆಯಬೇಡಿ ಎಂದೆ.

ಇನ್ನು ಅತ್ತೆ.

ಅವರು ನನ್ನ ಕೋಣೆಗೆ ಬರಲು ಒಪ್ಪಲಿಲ್ಲ. ನಾನೇ ಮನೆಗೆ ಹೋದೆ. ಅದು ಸೀಬರ್ಡ್ ನಿರಾಶ್ರಿತರ ಕಾಲೊನಿಯ ಮನೆ. ಈ ಕರಾವಳಿಯವರಿಗೆ ಆ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಎರಡು ಮಾತು. 1986ರ ಅಕ್ಟೋಬರ್‌ನಲ್ಲಿ ಆಗಿನ ಪ್ರಧಾನಿ ರಾಜೀವ್ ಗಾಂಧಿ ಇಲ್ಲಿ ಸೀಬರ್ಡ್ ಎಂಬ ಯೋಜನೆಯ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲಾ ತಾಲ್ಲೂಕಿನ ಕಡಲಂಚಿನ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆ ಬಿಟ್ಟು ಎದ್ದವು. 2005ರ ಮೇ 31ರಂದು ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಲ್ಲಿ ಶುರುವಾಯಿತು. ಅತ್ತೆ ಆ ಎದ್ದವರಲ್ಲಿ ಒಬ್ಬರು.

ನಾನು ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದೆ ಎಂದು ಅವರಿಗೆ ಗೊತ್ತು. ಹಾಗಾಗಿ ಮೇಡಂ ಅಲ್ಲ, ಅಕ್ಕೋರು. "ಅಕ್ಕೋರೆ, ಅವತ್ತೂ ಹಿಂಗೇ. ಕಾಗದ ಬಂತು, ತಾರೀಖು ಬಂತು. ನಮ್ಮನ್ನ ಯಾರೂ ಕೇಳ್ಲಿಲ್ಲ. ಈಗ ಮಗನ ಕಾಗದ. ಅವಂಗೂ ತಾರೀಖು ಕೊಟ್ಟಾರೆ. ಅಂವ ನಂಗೆ ಫೋನಲ್ಲಿ ಓದಿ ಹೇಳ್ದ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಇಲ್ಲೇ ಸಾಯ್ತೆ. ನೀವೆಲ್ಲ ಹೋಗಿ" ಎಂದರು.

ನಾನು ಉತ್ತರ ಹೇಳಲಿಲ್ಲ. ಹೊರಗೆ ಹಿತ್ತಲು ತೋರಿಸಿ ಎಂದೆ. ಅಲ್ಲಿ ಒಂದು ಮಾವಿನ ಮರ. ಕರಿ ಇಶಾಡ. ಅಂಕೋಲಾದ ಈ ಹಣ್ಣಿಗೆ 2023ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕಿದೆ, ಆದರೆ ನಮ್ಮ ಕಡೆಯವರಿಗೆ ಅದರ ರುಚಿ ತಿಳಿಯಲು ಆ ಗುರುತು ಬೇಕಿರಲಿಲ್ಲ. ಹಳೆ ಮನೆಯ ಹಿತ್ತಲಲ್ಲೂ ಇತ್ತಂತೆ. ಮನೆ ಬಿಟ್ಟ ವರ್ಷ ಮರದ ತುಂಬ ಮಿಡಿ. ಹಣ್ಣಾಗುವುದಕ್ಕೆ ಮುಂಚೆ ಹೊರಡಬೇಕಾಯಿತು. ಹೊಸ ಜಾಗಕ್ಕೆ ಬಂದ ಎರಡನೇ ಮಳೆಗಾಲದಲ್ಲಿ ಈ ಗಿಡ ನೆಟ್ಟರು. "ಈ ಸಲವೂ ಏಪ್ರಿಲ್‌ಗೇ ಹೊರಡೂಕೆ ಹೇಳ್ತಾರೆ. ಇದರ ಹಣ್ಣು ಯಾರು ತಿಂಬುದು?"

ನನಗೆ ಎದೆ ಭಾರವಾಯಿತು. ಮೊಂಡುತನ ಎಂದು ಮನೆಯವರು ತಿಳಿದದ್ದು ಇದನ್ನೇ. ಆ ಹೆಂಗಸು ಒಡಿಶಾಕ್ಕೆ ಹೋಗುವುದಿಲ್ಲ ಎಂದು ಹೇಳುತ್ತಿರಲಿಲ್ಲ. ಇನ್ನೊಂದು ಸಲ ಯಾರೋ ಕೊಟ್ಟ ತಾರೀಖಿಗೆ ಎದ್ದು ಹೋಗುವುದಿಲ್ಲ ಎಂದು ಹೇಳುತ್ತಿದ್ದರು.

ಅಲ್ಲಿಂದ ದಾರಿ ಕಾಣಿಸಿತು. ಪೋಸ್ಟಿಂಗ್ ಬದಲಿಸಲು ನಮ್ಮ ಕೈಲಿಲ್ಲ. ಮಗನ ತಾರೀಖು ಮಗನದು. ಆದರೆ ಉಳಿದವರ ತಾರೀಖನ್ನು ಸೇನೆ ಬರೆದುಕೊಟ್ಟಿಲ್ಲ. ಅದನ್ನು ಮನೆಯವರೇ ಬರೆಯಬಹುದು. ನಾಲ್ವರನ್ನೂ, ಮಗಳನ್ನೂ ಸೇರಿಸಿ, ಜಗುಲಿಯಲ್ಲಿ ಕೂರಿಸಿದೆ. ಯಾವ ವಿಷಯ ಯಾರು ತೀರ್ಮಾನ ಮಾಡುತ್ತೀರಿ ಎಂದು ಕೇಳಿದೆ.

ಹೊರಡುವ ದಿನ ಅತ್ತೆಯದು ಎಂದಾಯಿತು. ಅವರು ಯೋಚನೆಯನ್ನೂ ಮಾಡಲಿಲ್ಲ. "ಇಶಾಡ ಹಣ್ಣಾದ ಮೇಲೆ." ಅಂದರೆ ಮೇ ಕಳೆದ ಮೇಲೆ. ಇದು ಬೇರೆ ರೀತಿಯಲ್ಲೂ ಒಳ್ಳೆಯದೇ ಆಯಿತು. ಮಗ ಏಪ್ರಿಲ್‌ನಲ್ಲಿ ಒಬ್ಬರೇ ಹೋಗಿ ಹಾಜರಾಗಿ, ಕ್ವಾರ್ಟರ್ಸ್ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಹೋದ ದಿನವೇ ಮನೆ ಸಿಗುತ್ತದೆ ಎಂದು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಲಾಡ್ಜಿನಲ್ಲಿ ಕೂರುವ ಪಾಡು ಬೇಡ. ಮಗಳು ಇಲ್ಲಿಯ ವರ್ಷ ಮುಗಿಸಬಹುದು.

ಶಾಲೆಯ ವಿಷಯದಲ್ಲಿ ಮಾತ್ರ ನಾನು ಒತ್ತಿ ಹೇಳಿದೆ. ಸೊಸೆಗೆ ಒಂದು ವರ್ಷ ತಡೆದು ಹೋಗುವ ಯೋಚನೆ ಇತ್ತು. ಬೇಡ ಎಂದೆ. ಕೇಂದ್ರೀಯ ವಿದ್ಯಾಲಯದಲ್ಲಿ ವರ್ಗವಾಗಿ ಬಂದ ಸೇನೆಯವರ ಮಕ್ಕಳಿಗೆ ಆದ್ಯತೆ ಇದೆ, ಎಂಟನೇ ತರಗತಿ ತನಕ ಪ್ರವೇಶ ಪರೀಕ್ಷೆ ಇಲ್ಲ. ಒಂಬತ್ತಕ್ಕೆ ಪರೀಕ್ಷೆ ಬರೆಯಬೇಕು. ಹತ್ತಕ್ಕೆ ನಮ್ಮ ರಾಜ್ಯದ ಪಠ್ಯದಿಂದ ನೇರ ಹೋಗುವುದು ಇನ್ನೂ ಕಷ್ಟ. ಕನ್ನಡ ಮಾಧ್ಯಮದ ಹುಡುಗಿಗೆ ಎಂಟನೇ ತರಗತಿಯೇ ಸರಿಯಾದ ಹೊತ್ತು, ತಡವರಿಸಲು ಎರಡು ವರ್ಷ ಸಮಯ ಇರುತ್ತದೆ. ಟಿಸಿಗೆ ಬಿಇಒ ಕಚೇರಿಯ ಮೇಲುರುಜು ಹಾಕಿಸಿಕೊಳ್ಳಿ ಎಂದೂ ಹೇಳಿದೆ. ಬೇರೆ ರಾಜ್ಯಕ್ಕೆ ಹೋದ ಮೇಲೆ ಅದಕ್ಕಾಗಿ ಓಡಾಡುವುದು ಬಲು ಕಷ್ಟ.

ಮಗಳು ತೀರ್ಮಾನ ಮಾಡಿದ್ದು ಕನ್ನಡದ ವಿಷಯ. ಅಲ್ಲಿ ಶಾಲೆಯಲ್ಲಿ ಕನ್ನಡ ಇರುವುದಿಲ್ಲ ಎಂದು ತಿಳಿದಾಗ ಮುಖ ಸಪ್ಪಗಾಯಿತು. ಆಮೇಲೆ ತಾನೇ ಹೇಳಿದಳು, ಅಜ್ಜಿಗೆ ವಾರಕ್ಕೊಂದು ಕಾಗದ ಬರೀತೇನೆ, ಅಜ್ಜಿ ಯಾರ ಕೈಲಾದರೂ ಓದಿಸಿಕೊಳ್ಳಲಿ. ಅವಳಿಗೆ ನಾನು ಇನ್ನೊಂದು ವಿಷಯ ಹೇಳಿದೆ. 2023ರ ಮಾರ್ಚ್ 28ರಂದು ಚಿಲ್ಕಾದಿಂದ ಹೊರಬಂದ ಅಗ್ನಿವೀರರ (ನಾಲ್ಕು ವರ್ಷದ ಸೇವೆಗೆ ಸೇರುವವರ) ಮೊದಲ ತಂಡದಲ್ಲಿ ಹುಡುಗಿಯರೂ ಇದ್ದರು. "ಅಪ್ಪ ಅವರಿಗೂ ಕಲಿಸ್ತಾರಾ?" ಎಂದು ಕೇಳಿದಳು. ಅಪ್ಪನ ಕೆಲಸದ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ ಅದು ಎಂದು ಆಮೇಲೆ ಅವಳ ತಾಯಿ ಹೇಳಿದರು.

ಸೊಸೆಯ ಕೆಲಸದ ಬಗ್ಗೆ ಕೊನೆಯ ಮಾತು ಸೊಸೆಯದೇ. ರಾಜೀನಾಮೆ ಬರೆಯುವ ಮುಂಚೆ ಸಂಬಳವಿಲ್ಲದ ರಜೆ ಕೇಳಿ ಎಂದೆ. ಕೇಳಿದರು. ಆರು ತಿಂಗಳು ಸಿಕ್ಕಿತು. ಮನೆ ಖರ್ಚಿಗೆ ಗಂಡನ ಹತ್ತಿರ ಪ್ರತಿ ಸಲ ಕೈಚಾಚುವಂತೆ ಆಗಬಾರದು, ತಿಂಗಳ ಮೊದಲ ವಾರವೇ ಅವರ ಖಾತೆಗೆ ಇಷ್ಟು ಹಣ ಹೋಗಬೇಕು ಎಂದು ಮಗನಿಗೆ ಅವರ ಎದುರೇ ಹೇಳಿದೆ. ಮಗ ಆಯಿತು ಎಂದರು.

ಸಣ್ಣ ಸಂಗತಿಗಳೂ ಇದ್ದವು. ಅತ್ತೆಯ ಹೆಸರು ಮಗನ ಸರ್ವೀಸ್ ದಾಖಲೆಯಲ್ಲಿ ಅವಲಂಬಿತರೆಂದು ಸೇರಿರಲಿಲ್ಲ. ಸೇರದಿದ್ದರೆ ನೆಲೆಯ ಆಸ್ಪತ್ರೆಯಲ್ಲಿ ಬಿಪಿ ಮಾತ್ರೆಗೂ ತೊಂದರೆ. ಅದನ್ನು ಮೊದಲೇ ಮಾಡಿಸಿ ಎಂದೆ. ನೆಂಟರು ಬಂದರೆ ಗೇಟಿನಲ್ಲಿ ಪಾಸ್ ಬೇಕು, ಮೊದಲೇ ತಿಳಿಸಿ ಬರಬೇಕು ಎಂದು ಊರವರಿಗೆ ಹೇಳಿಡಿ. ನೆಲೆಯ ಒಳಗಿನ ಫೋಟೋ ವಾಟ್ಸಾಪ್‌ಗೆ ಹಾಕಬಾರದು, ಇದನ್ನು ಮಕ್ಕಳಿಗೆ ಗದರಿಸದೆ, ಯಾಕೆ ಎಂದು ಬಿಡಿಸಿ ಹೇಳಿ. ಅಲ್ಲಿ ಅಕ್ಕಿ, ತೆಂಗು, ಮೀನು, ಸೀಗಡಿ, ಏಡಿ ಎಲ್ಲ ಸಿಗುತ್ತದೆ. ಒಯ್ಯಬೇಕಾದದ್ದು ಮುರುಗಲ ಸಿಪ್ಪೆ. ಸಾಸಿವೆ ಎಣ್ಣೆಯ ವಾಸನೆಗೆ ಮೂಗು ಒಗ್ಗಲು ಸ್ವಲ್ಪ ದಿನ ಬೇಕು.

ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಹೇಳಿದ್ದು ಮೊದಲ ಮೂರು ತಿಂಗಳ ಬಗ್ಗೆ. ಜಗಳ ಬರುತ್ತದೆ, ಬಂದರೆ ಏನೋ ಕೆಟ್ಟುಹೋಯಿತು ಎಂದು ತಿಳಿಯಬೇಡಿ. ಬೆಳಿಗ್ಗೆ ಐದರಿಂದ ಹುಡುಗರಿಗೆ ಆರ್ಡರ್ ಕೊಟ್ಟು ಬಂದ ಗಂಟಲು ಮನೆಯಲ್ಲೂ ಅದೇ ದನಿ ತೆಗೆಯುತ್ತದೆ. ಬಾಗಿಲ ಹೊರಗೆ ಬೂಟು ಬಿಚ್ಚುವಾಗ ಎರಡು ನಿಮಿಷ ಕೂತು ಒಳಗೆ ಬನ್ನಿ ಎಂದು ಮಗನಿಗೆ ಹೇಳಿದೆ. ಇಷ್ಟು ವರ್ಷ ಒಬ್ಬರೇ ಮಾಡಿದ ಕೆಲಸದಲ್ಲಿ ಎರಡನ್ನು ಪೂರ್ತಿ ಬಿಟ್ಟುಕೊಡಿ, ಅವರು ತಪ್ಪಾಗಿ ಮಾಡಿದರೂ ತಿದ್ದಲು ಹೋಗಬೇಡಿ ಎಂದು ಸೊಸೆಗೆ ಹೇಳಿದೆ. ಅವರು ಚಿಕ್ಕ ಹುಡುಗನ ಸ್ನಾನ, ಮಗಳ ಗಣಿತ ಎರಡನ್ನು ಆರಿಸಿಕೊಂಡರು.

ಜೂನ್ ಮೊದಲ ವಾರ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರು. ಅತ್ತೆ ಹೋಗಲಿಲ್ಲ. ಮಳೆಗಾಲ ಕುಮಟಾದ ತಮ್ಮ ಮಗಳ ಮನೆಯಲ್ಲಿ, ದಸರೆ ಕಳೆದ ಮೇಲೆ ಚಿಲ್ಕಾಗೆ ಎಂದು ಅವರೇ ಹೇಳಿದ್ದರು. ಬಿಸಿಲಲ್ಲಿ ಒಣಗಿಸಿದ ಮಾವಿನ ಹಣ್ಣಿನ ಹಪ್ಪಳದ ಡಬ್ಬಿ ಮೊಮ್ಮಕ್ಕಳ ಚೀಲದಲ್ಲಿತ್ತು.

ಎಲ್ಲವೂ ಸುಸೂತ್ರ ಆಗಲಿಲ್ಲ. ಮಗಳು ಮೊದಲ ಪರೀಕ್ಷೆಯಲ್ಲಿ ಹಿಂದಿ, ಸಮಾಜ ಎರಡರಲ್ಲೂ ಹಿಂದೆ ಬಿದ್ದಳು, ಊರಿಗೆ ಹೋಗುತ್ತೇನೆ ಎಂದು ಅತ್ತಳು. ಆಗಸ್ಟ್‌ನಲ್ಲಿ ಸೊಸೆ ಫೋನ್ ಮಾಡಿ, ಎರಡು ದಿನದಿಂದ ಇಬ್ಬರೂ ಮಾತಾಡಿಲ್ಲ ಎಂದರು. ನಾನು ಕೇಳಿದ್ದು, ಚಿಕ್ಕ ಹುಡುಗನ ಸ್ನಾನ ಯಾರು ಮಾಡಿಸುತ್ತಿದ್ದಾರೆ ಎಂದು. "ಅವರೇ" ಎಂದು ಹೇಳಿ ಅತ್ತರು. ಆರು ತಿಂಗಳ ರಜೆ ಮುಗಿದಾಗ ಅವರು ಕೆಲಸ ಬಿಟ್ಟರು. ಆ ನೋವು ಇನ್ನೂ ಇದೆ. ಅದಕ್ಕೆ ನನ್ನಲ್ಲಿ ಔಷಧ ಇರಲಿಲ್ಲ. ಈಗ ಕ್ವಾರ್ಟರ್ಸಿನ ಮೂರು ಮನೆಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ.

ಜನವರಿಯಲ್ಲಿ ಅತ್ತೆ ಚಿಲ್ಕಾದಿಂದ ಫೋನ್ ಮಾಡಿದರು. ಬೆಳಗಾತ ಹುಡುಗರು ಕೂಗುತ್ತಾ ಓಡುವ ಸದ್ದಿಗೆ ಎಚ್ಚರ ಆಗುತ್ತದಂತೆ. "ಪಾಪ, ಅಷ್ಟೂ ಮಕ್ಕಳು ಮನೆ ಬಿಟ್ಟು ಬಂದವ್ರು ಅಕ್ಕೋರೆ." ಅಲ್ಲಿಯವರು ಪಖಾಳ ಎಂದು ಅನ್ನಕ್ಕೆ ನೀರು ಹಾಕಿ ಇಟ್ಟು ತಿನ್ನುತ್ತಾರೆ, ನಮ್ಮ ತಂಗಳನ್ನದ ಹಾಗೇ, ಪಕ್ಕದ ಮನೆಯವಳು ತಂದುಕೊಟ್ಟಳು ಎಂದರು. ಆಮೇಲೆ ದನಿ ಸ್ವಲ್ಪ ಗಟ್ಟಿಯಾಯಿತು.

"ಮಗಂಗೆ ಹೇಳಿದ್ದೆ. ಮಾರ್ಚ್ 10ಕ್ಕೆ ಟಿಕೆಟ್ ಮಾಡು ಅಂತ. ಇಶಾಡ ಹೂ ಬಿಟ್ಟದ್ಯಂತೆ. ಮಿಡಿ ಕಚ್ಚುವಾಗ ನಾ ಅಲ್ಲಿರಬೇಕು."